ಮರಸೇಬಿಗೆ ಜಾಮೀನು

ನೆವ್ಯಾನಾ ಗೆಂಚೊನನ್ನು ಮದುವೆಯಾದದ್ದು ಅವನ ಅಂಗಳದ ಆಸೆಗೆ ಎಂದು ಊರಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ಮೊದಲು ಅಂಗಳ ಅವಳ ಕಣ್ಣಿಗೆ ಬಿತ್ತಂತೆ, ಗೇಟಿನ ಜೊತೆ ಬೀಗ ಬಂದ ಹಾಗೆ ಗೆಂಚೊ ಆಮೇಲೆ ಬಂದನಂತೆ. ಇದರಲ್ಲಿ ಅರ್ಧ ಸುಳ್ಳು. ಉಳಿದರ್ಧವನ್ನು ಅವಳೇ ನಗುತ್ತ ಒಪ್ಪಿಕೊಳ್ಳುತ್ತಿದ್ದಳು.

ಅವಳದೇನೂ ತಪ್ಪಿಲ್ಲ ಬಿಡಿ. ಐವತ್ತು ದಾಟುವ ತನಕ ಅವಳು ಡ್ಯಾನ್ಯೂಬ್ ದಂಡೆಯ ರೂಸೆ ಪಟ್ಟಣದಲ್ಲಿ ಕಂಡವರ ಹೂವಿಗೆ ನೀರು ಹಾಕಿದವಳು. ನಗರದ ಉದ್ಯಾನಗಳಲ್ಲಿ ಹಾದಿ ಎಲ್ಲಿ ಬರಬೇಕು, ಬೆಂಚು ಎಲ್ಲಿ, ಗುಲಾಬಿಗೆ ಯಾವ ಮೂಲೆ, ನೆರಳು ತಡೆಯುವ ಗಿಡಕ್ಕೆ ಯಾವ ಮೂಲೆ ಎಂದು ಗೊತ್ತುಮಾಡುವುದು ಅವಳ ಕೆಲಸ. ಸಂಜೆ ಹಿಂದಿರುಗಿದರೆ ನಾಲ್ಕನೇ ಮಹಡಿಯ ಮನೆ. ಅಲ್ಲಿ ಅವಳ ಪಾಲಿನ ಭೂಮಿಯೆಂದರೆ ಬಾಲ್ಕನಿಯಲ್ಲಿ ಸಾಲಾಗಿಟ್ಟ ಎಣ್ಣೆ ಡಬ್ಬ, ಚೀಸಿನ ಡಬ್ಬ. ಒಂದರಲ್ಲಿ ಪಿಯೋನಿ, ಒಂದರಲ್ಲಿ ಅಜ್ಜಿಯ ಕಾಲದ ಕೆಂಪು ಗುಲಾಬಿ, ಮಿಕ್ಕವುಗಳಲ್ಲಿ ಲ್ಯಾವೆಂಡರ್, ಐರಿಸ್. ಎಲ್ಲವೂ ಒಡತಿಯ ಹಾಗೆಯೇ ಬೇರು ಮುದುರಿಕೊಂಡು ಬದುಕುತ್ತಿದ್ದವು.

ಅದಕ್ಕೇ ಅವಳು ಕಣ್ಣು ಮುಚ್ಚಿದರೆ ಸಾಕು, ಒಂದು ಅಂಗಳ ಕಟ್ಟತೊಡಗುತ್ತಿದ್ದಳು. ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಬೋರ್ಡಿಲ್ಲದ ಅಂಗಳ. ಅದರ ಹಾದಿ ಕನಸಿನಿಂದ ಕನಸಿಗೆ ಒಂದೊಂದು ಕಲ್ಲಿನಷ್ಟು ಉದ್ದವಾಗುತ್ತಿತ್ತು. ನಿನ್ನೆ ಎಲ್ಲಿ ನಿಂತಿತ್ತೋ ಇವತ್ತು ಅಲ್ಲಿಂದಲೇ ಮುಂದಕ್ಕೆ. ಕೆಲವು ಬೆಳಗ್ಗೆ ಅವಳು ಎದ್ದು ಕೂತಾಗ ಅಂಗೈಯಲ್ಲಿ ಹಸಿಮಣ್ಣಿನ ವಾಸನೆ ಇರುತ್ತಿತ್ತು, ಅಥವಾ ಇದೆ ಎಂದು ಅವಳಿಗೆ ಅನಿಸುತ್ತಿತ್ತು.

ಗೆಂಚೊ ಬಾಲ್ಕನ್ ಬೆಟ್ಟದ ಬುಡದ ನರ್ಸರಿಯಿಂದ ವ್ಯಾನಿನ ತುಂಬ ಸಸಿ ಹೇರಿಕೊಂಡು ರೂಸೆಗೆ ಬರುತ್ತಿದ್ದವನು. ಹೆಂಡತಿ ಇಗ್ಲಿಕಾ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಾತು ಕಡಿಮೆ, ಸಸಿ ಇಳಿಸುವಾಗ ಮಾತ್ರ ಎಳೆಮಗುವನ್ನು ಇಳಿಸಿದ ಹಾಗೆ ಇಳಿಸುತ್ತಿದ್ದ. ಅದನ್ನು ನೆವ್ಯಾನಾ ಗಮನಿಸಿದ್ದಳು. ಒಂದು ದಿನ ಅವಳ ಬಾಲ್ಕನಿಯ ಡಬ್ಬಗಳನ್ನು ಕೆಳಗಿನಿಂದಲೇ ತಲೆಯೆತ್ತಿ ನೋಡಿ, ಕತ್ತು ನೋಯುವಷ್ಟು ಹೊತ್ತು ನೋಡಿ, “ನಮ್ಮನೇಲಿ ಜಾಗ ಇದೆ” ಅಂದ. ಮದುವೆಯ ಪ್ರಸ್ತಾಪ ಎಂದರೆ ಇಷ್ಟೇ. ನೆವ್ಯಾನಾ ಅದನ್ನು ಎರಡು ದಿನ ಬಾಯಲ್ಲಿಟ್ಟು ಚಪ್ಪರಿಸಿ ಹೂಂ ಅಂದಳು. ಜೂನಿನಲ್ಲಿ ಪಟ್ಟಣ ಸಭೆಯ ಕಚೇರಿಯಲ್ಲಿ ರುಜು ಹಾಕಿ, ಡಬ್ಬಗಳನ್ನು ಅದೇ ವ್ಯಾನಿಗೇರಿಸಿ ಬೆಟ್ಟದ ಊರಿಗೆ ಬಂದರು.

ಜಾಗವೇನೋ ಇತ್ತು. ಗೇಟಿನಿಂದ ಮನೆಯ ಮೆಟ್ಟಿಲ ತನಕ ಇಳಿಜಾರಾದ ದೊಡ್ಡ ಅಂಗಳ, ಒಂದು ಮಗ್ಗುಲಿಗೆ ಬಾವಿ, ಮನೆಯ ಮುಂದೆ ದ್ರಾಕ್ಷಿ ಚಪ್ಪರ, ಬೇಲಿಯುದ್ದಕ್ಕೂ ಡೇಲಿಯಾ. ನಟ್ಟನಡುವೆ ಒಂದು ಮರಸೇಬಿನ ಮರ. ಕಲ್ಲುಹಾದಿ ಗೇಟಿನಿಂದ ನೆಟ್ಟಗೆ ಹೊರಟು, ಆ ಮರದ ಎದುರಿಗೆ ಬಂದಾಗ ದಾಕ್ಷಿಣ್ಯಕ್ಕೆ ಬಿದ್ದಂತೆ ಬಾಗಿ, ಅದನ್ನು ಬಳಸಿ ಮನೆ ಸೇರುತ್ತಿತ್ತು. ಆ ಬಾಗಿನಲ್ಲೇ ಮಳೆ ನೀರು ನಿಂತು ಕೆಸರಾಗುತ್ತಿತ್ತು. ನೆವ್ಯಾನಾಳ ಕಣ್ಣು ಮೊದಲ ದಿನವೇ ಅದನ್ನು ಹಿಡಿಯಿತು. ಡಬ್ಬಗಳನ್ನು ತಾತ್ಕಾಲಿಕವೆಂದು ಗೇಟಿನ ಪಕ್ಕ ಇಟ್ಟಳು.

ಗೆಂಚೊನ ತಾಯಿ ಸ್ತೋಯ್ನಾ ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಎಂಬತ್ತು ದಾಟಿದ ಜೀವ, ಹಲ್ಲು ಕಡಿಮೆ, ನಾಲಿಗೆ ಮಾತ್ರ ಪೂರ್ತಿ.

“ಅತ್ತೆ, ಈ ಬಾಗಿನಲ್ಲಿ ನೀರು ನಿಲ್ಲುತ್ತೆ. ಹಾದೀನ ಒಂಚೂರು ಎತ್ತರಿಸಿ ನೆಟ್ಟಗೆ ತಂದುಬಿಟ್ರೆ…”

“ಇಗ್ಲಿಕಾ ಇದ್ದಾಗಿಂದ ಹಾಗೇ ಇದೆ” ಅಂದಳು ಸ್ತೋಯ್ನಾ, ತಲೆ ಎತ್ತದೆ.

“ಡೇಲಿಯಾನ ಗೋಡೆ ಕಡೆ ಹಾಕಿದ್ರೆ ಬಿಸಿಲು ಚೆನ್ನಾಗಿ ಬೀಳುತ್ತೆ.”

“ಇಗ್ಲಿಕಾ ಇದ್ದಾಗಲೂ ಬೇಲಿ ಹತ್ರವೇ ಇತ್ತು. ಅವಳಿಗೇನೂ ತೊಂದರೆ ಆಗಿರಲಿಲ್ಲ.”

ಆ ಹೆಸರು ಕೇಳಿದ್ದೇ ನೆವ್ಯಾನಾಳ ಬಾಯಿಗೆ ಬೀಗ ಬಿತ್ತು. ಬದುಕಿರುವವರಾದರೆ ಎದುರುತ್ತರ ಕೊಡಬಹುದು. ಸತ್ತವಳ ಕಲ್ಲು, ಸತ್ತವಳ ಹೂವು ಅಂದಮೇಲೆ ಯಾರ ಹತ್ತಿರ ವಾದ ಮಾಡುವುದು?

ಆದರೂ ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಬೇಸಗೆಯಿಡೀ ಅಂಗಳವನ್ನು ಓದಿದಳು. ಅವಳು ಓದುವ ರೀತಿಯೇ ಬೇರೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹುಲ್ಲಿನ ಮೇಲೆ ಒಂದು ಕಡೆ ಅಂಗಾತ ಮಲಗುವಳು. ಬಿಸಿಲು ಎಲ್ಲಿಂದ ಬಂತು, ಎಲ್ಲಿಗೆ ಸರಿಯಿತು, ಗಾಳಿ ಯಾವ ಸಂದಿನಿಂದ ನುಗ್ಗಿತು ಎಂದು ನೋಡುವಳು. ಮಾರನೆಯ ದಿನ ಇನ್ನೊಂದು ಕಡೆ. ಹಾಗೆ ಮಲಗಿದವಳಿಗೆ ಜೊಂಪು ಹತ್ತುತ್ತಿತ್ತು. ಜೊಂಪಿನಲ್ಲಿ ಅಂಗಳ ತಾನಾಗಿಯೇ ಎದ್ದು ಕೂತು ಬಟ್ಟೆ ಬದಲಾಯಿಸಿಕೊಳ್ಳುತ್ತಿತ್ತು. ಬೇಲಿಯ ಕಡೆ ಲ್ಯಾವೆಂಡರ್ ನೀಲಿಯಾಗಿ ಹಬ್ಬಿ, ಗೋಡೆಗೆ ಕೆಂಪು ಗುಲಾಬಿ ಏರಿ, ಬಾವಿಯ ಬಳಿ ಪಿಯೋನಿ ಭಾರಕ್ಕೆ ತಲೆ ಬಾಗಿಸಿ ನಿಲ್ಲುತ್ತಿದ್ದವು. ಅವಳು ಹೊಸ ಹಾದಿಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು, ಕಲ್ಲು ಬೆಚ್ಚಗಿರುತ್ತಿತ್ತು. ನಡೆಯುತ್ತ ನಡೆಯುತ್ತ ಎದುರಿಗೆ ಮರಸೇಬಿನ ಮರ. ಕಿಕ್ಕಿರಿದ ಬಸ್ಸಿನಲ್ಲಿ ಬಾಗಿಲ ಹತ್ತಿರವೇ ನಿಂತುಬಿಟ್ಟ ಪ್ರಯಾಣಿಕನಂತೆ ಅದು ನಿಂತಿರುತ್ತಿತ್ತು.

“ಸ್ವಲ್ಪ ಸರೀಪ್ಪ” ಎನ್ನುತ್ತಿದ್ದಳು ನೆವ್ಯಾನಾ ಕನಸಿನಲ್ಲೇ. ಮರ ಸರಿಯುತ್ತಿರಲಿಲ್ಲ. ಅವಳು ದಾಟಿ ಹೋಗಲಾರದೆ ಎಚ್ಚರಗೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಧೈರ್ಯ ಮಾಡಿ ನೀರಿನ ಪೈಪನ್ನು ನೆಲದ ಮೇಲೆ ಹಾವಿನ ಹಾಗೆ ಹಾಸಿದಳು. ಹಾದಿಯ ಅಂದ ನೋಡಲು ಅದು ಒಳ್ಳೆಯ ಉಪಾಯ. ಎಳೆದರೆ ಸರಿಯುತ್ತದೆ, ಮನಸ್ಸಿಗೆ ಬಂದಂತೆ ಬಾಗುತ್ತದೆ. ಸರಿಹೋಯಿತು ಅನಿಸಿದ ಮೇಲೆ ಪೈಪಿನ ಪಕ್ಕದಲ್ಲೇ ಸುಣ್ಣದ ಪುಡಿ ಉದುರಿಸಿ ಗೆರೆ ಎಳೆದಳು. ಬೆಳಗಾಗುವಷ್ಟರಲ್ಲಿ ಗೆರೆ ಮಾಯ. ಪೊರಕೆ ಮೂಲೆಯಲ್ಲಿ ಬೆಳ್ಳಗಾಗಿ ನಿಂತಿತ್ತು.

“ಯಾರೋ ಸುಣ್ಣ ಚೆಲ್ಲಿದ್ರು” ಅಂದಳು ಸ್ತೋಯ್ನಾ. “ಗುಡಿಸಿದೆ. ಕೋಳಿ ತಿಂದ್ರೆ ಸಾಯ್ತವೆ.”

“ನಮ್ಮನೇಲಿ ಕೋಳಿ ಇಲ್ವಲ್ಲ ಅತ್ತೆ.”

“ಪಕ್ಕದ ಮನೆಯವು ಬರ್ತವೆ.”

ಇನ್ನೊಂದು ದಿನ ಮತ್ತೆ ಎಳೆದಳು, ಮತ್ತೆ ಮಾಯ. ಗೆಂಚೊನಿಗೆ ಹೇಳಿದರೆ ಅವನು ಹೌದೋ ಅಲ್ಲವೋ ತಿಳಿಯದ ಹಾಗೆ ತಲೆಯಾಡಿಸಿ ವ್ಯಾನು ಹತ್ತಿ ಹೋಗುತ್ತಿದ್ದ. ಸಂಜೆ ಬಂದವನು ಮನೆಗೆ ಹೋಗುವ ಮೊದಲು ಮರಸೇಬಿನ ಕಾಂಡದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುವುದು ರೂಢಿ. ನೆವ್ಯಾನಾ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ತನ್ನ ಭುಜದ ಮೇಲೆ ಕೈಯಿಟ್ಟು ಅವನು ಹಾಗೆ ನಿಂತದ್ದುಂಟೇ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಮರದ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅಕ್ಟೋಬರಿನಲ್ಲಿ ಪಕ್ಕದ ಮನೆಯ ಡೋನ್ಕಾ ಬೇಲಿಯ ಮೇಲಿಂದ ಸೇವಂತಿಗೆಯ ಒಂದು ಕಂತೆಯನ್ನು ಬೇರುಸಹಿತ ಚಾಚಿದಳು. ನೆವ್ಯಾನಾ ಬಾಯಿ ತೆರೆಯುವಷ್ಟರಲ್ಲಿ ಅವಳೇ ತಡೆದಳು. “ಥ್ಯಾಂಕ್ಸ್ ಅಂದೀಯ ಮತ್ತೆ. ಗಿಡ ಕೊಟ್ಟೋರಿಗೆ ಹಾಗಂದ್ರೆ ಆ ಗಿಡ ಹತ್ತಲ್ಲ. ಮುಖ ಗಂಟುಹಾಕ್ಕೊಂಡು ಇಸ್ಕೋ.”

ನೆವ್ಯಾನಾ ಮುಖ ಗಂಟುಹಾಕಿಕೊಂಡು ಇಸಿದುಕೊಂಡಳು.

“ಎಲ್ಲಿ ನೆಡ್ತೀಯ?”

“ಡಬ್ಬದಲ್ಲಿ.”

“ಇಷ್ಟು ದೊಡ್ಡ ಅಂಗಳ ಇಟ್ಕೊಂಡು ಡಬ್ಬದಲ್ಲಿ ನೆಡ್ತೀಯಲ್ಲೇ” ಅಂದು ಡೋನ್ಕಾ ಗಲ್ಲದಿಂದಲೇ ಮರದ ಕಡೆ ತೋರಿಸಿದಳು. “ಇಗ್ಲಿಕಾ ಹೋದ ವರ್ಷದಿಂದ ಅದು ಒಂದು ಕಾಯಿ ಬಿಟ್ಟಿಲ್ಲ, ಗೊತ್ತಾ? ಹೂ ಮಾತ್ರ ಮೈತುಂಬ ಬಿಡುತ್ತೆ. ಆಮೇಲೆ ಎಲ್ಲಾ ಉದುರಿಸಿ ನಿಲ್ಲುತ್ತೆ. ಗೆಂಚೊ ಅದರ ಪಕ್ಕ ನಿಂತ್ರೆ ಯಾವುದು ಮರ, ಯಾವುದು ಗೆಂಚೊ ಅಂತ ನನಗೇ ತಿಳಿಯಲ್ಲ.”

“ಕಾಯಿ ಬಿಡದ ಮರ ಯಾಕಿಟ್ಕೊಂಡಿದ್ದಾರೆ?”

“ಪ್ರತಿ ವರ್ಷ ಹೆದರಿಸ್ತಾರೆ ಕಣೇ. ಕ್ರಿಸ್ಮಸ್ ಹಿಂದಿನ ದಿನ, ಹೊತ್ತು ಮುಳುಗೋವಾಗ. ಇವನು ಕೊಡಲಿ ಹಿಡ್ಕೊಂಡು ‘ಕಾಯಿ ಬಿಡ್ತೀಯೋ, ಕಡೀಲೋ’ ಅಂತ ಮೂರು ಸಲ ಕೇಳ್ತಾನೆ. ಅವನಮ್ಮ ಅಡ್ಡ ಬಂದು ‘ಬೇಡ, ಬಿಡುತ್ತೆ, ನಾನು ಜಾಮೀನು’ ಅಂತಾಳೆ. ಮರ ಅಷ್ಟನ್ನೂ ಕೇಳಿಸ್ಕೊಂಡು ತನ್ನ ಪಾಡಿಗೆ ತಾನಿರುತ್ತೆ. ನಿಮ್ಮ ರೂಸೆಯಲ್ಲಿ ಇದೆಲ್ಲ ಇಲ್ವಾ?”

“ರೂಸೆಯಲ್ಲಿ ಮರಗಳಿಗೆ ನಂಬರ್ ಇರುತ್ತೆ.”

“ಪಾಪ” ಅಂದಳು ಡೋನ್ಕಾ. ಆ ಪಾಪ ಮರಗಳಿಗೋ ನೆವ್ಯಾನಾಳಿಗೋ ಹೇಳಲಿಲ್ಲ.

ನವೆಂಬರಿನ ಮೊದಲ ಗಟ್ಟಿ ಹಿಮ ಬಿದ್ದ ಬೆಳಗ್ಗೆ ನೆವ್ಯಾನಾ ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಡಬ್ಬದ ಅಂಚಿನಲ್ಲಿ ಮಂಜುಗಡ್ಡೆ ಹೆಪ್ಪುಗಟ್ಟಿತ್ತು. ನೆಲದೊಳಗಿದ್ದರೆ ಪಿಯೋನಿಗೆ ಚಳಿ ಎಂದರೆ ನಿದ್ದೆ. ತಗಡಿನೊಳಗಿದ್ದರೆ ಸಾವು. ಅವಳು ಬೆರಳಿನಿಂದ ಮಣ್ಣು ಕೆದಕಿ ಮೊಳಕೆ ಇನ್ನೂ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದಾಗ ಗೆಂಚೊ ವ್ಯಾನಿನ ಬೀಗದಕೈ ಹಿಡಿದು ಬಂದ.

“ಜಾಗ ಇದೆ ಅಂದಿದ್ದೆ ನೀನು” ಅಂದಳು ಅವಳು. ದನಿ ಏರಿಸಲಿಲ್ಲ.

ಗೆಂಚೊ ಡಬ್ಬಗಳನ್ನು ನೋಡಿದ.

“ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿಮ್ಮಮ್ಮನ ಮೇಲೂ ಇಲ್ಲ. ಆದ್ರೆ ಇಲ್ಲಿ ಒಂದು ಕಲ್ಲು ಸರಿಸೋಕೆ ಹೋದ್ರೆ ಇಗ್ಲಿಕಾ ಅಂತಾರೆ, ಒಂದು ಗಿಡ ಮುಟ್ಟೋಕೆ ಹೋದ್ರೆ ಇಗ್ಲಿಕಾ ಅಂತಾರೆ. ಹಾದಿ ಹಾಕೋಣ ಅಂದ್ರೆ ನಡುವೆ ಆ ಮರ. ನಾನು ಇನ್ನೊಬ್ಬರ ಮನೆಗೆ ನೆಂಟಳಾಗಿ ಬಂದು ಐದು ತಿಂಗಳಾಯ್ತು ಗೆಂಚೊ. ಕ್ರಿಸ್ಮಸ್ ಕಳೀಲಿ. ಆಗಲೂ ಇವನ್ನ ಇಳಿಸೋಕೆ ಜಾಗ ಸಿಗದಿದ್ರೆ ಎತ್ಕೊಂಡು ರೂಸೆಗೆ ಹೋಗ್ತೀನಿ. ಬಾಲ್ಕನಿ ಇನ್ನೂ ಇದೆ.”

ಗೆಂಚೊ ಡಬ್ಬಗಳನ್ನು ಒಂದೊಂದಾಗಿ ಎತ್ತಿ, ಎಳೆಮಗುವನ್ನು ಎತ್ತಿದ ಹಾಗೆ ಎತ್ತಿ, ಮನೆಯ ಕೆಳಗಿನ ನೆಲಮಾಳಿಗೆಗೆ ಒಯ್ದು ವೈನ್ ಪೀಪಾಯಿಗಳ ಪಕ್ಕ ಇಟ್ಟ. ಅಲ್ಲಿ ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಆಮೇಲೆ ವ್ಯಾನು ಹತ್ತಿ ಹೋದ. ಆ ಸಂಜೆ ಅವನು ಮರದ ಹತ್ತಿರ ನಿಲ್ಲಲಿಲ್ಲ. ಮಾರನೆಯ ದಿನವೂ ನಿಲ್ಲಲಿಲ್ಲ.

ಕ್ರಿಸ್ಮಸ್ ಹಿಂದಿನ ದಿನ ಬೆಳಗ್ಗಿನಿಂದಲೇ ಮಂಜು ಕವಿದು ಬೆಟ್ಟ ಕಾಣಿಸುತ್ತಿರಲಿಲ್ಲ, ಗೇಟೂ ಕಾಣಿಸುತ್ತಿರಲಿಲ್ಲ. ಅಂಗಳ ಎಂಬುದು ಮೆಟ್ಟಿಲಿನಿಂದ ಕೆಲವು ಹೆಜ್ಜೆ ಹೋಗಿ ಹಾಲಿನಲ್ಲಿ ಕರಗಿಹೋಗಿತ್ತು. ಒಳಗೆ ಸ್ತೋಯ್ನಾ ಕೋಸಿನ ಎಲೆಯಲ್ಲಿ ಅಕ್ಕಿ ಸುತ್ತುತ್ತಿದ್ದಳು, ಒಲೆಯ ಮೇಲೆ ಬೀನ್ಸ್ ಕುದಿಯುತ್ತಿತ್ತು, ಒಣಗಿದ ಪ್ಲಮ್ಮು ಸೇಬುಗಳ ಪಾನಕ ಒಂದು ಕಡೆ ಆರುತ್ತಿತ್ತು. ಆ ದಿನ ಮಾಂಸ, ಮೊಟ್ಟೆ, ಬೆಣ್ಣೆ ಯಾವುದೂ ಇಲ್ಲ. ನೆವ್ಯಾನಾ ಕುಂಬಳಕಾಯಿ ತುರಿಯುತ್ತಿದ್ದಾಗ ಹೊರಗಿನಿಂದ ಸದ್ದು ಕೇಳಿಸಿತು. ಸಾಣೆಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು.

“ಹೆದರಿಸೋಕೆ ಕೊಡಲಿ ಮಸೀಬೇಕಾ ಅತ್ತೆ?”

“ಬೇಡ” ಅಂದಳು ಸ್ತೋಯ್ನಾ. ಕೈ ನಿಲ್ಲಿಸಲಿಲ್ಲ. “ಇಷ್ಟು ವರ್ಷ ಮೊಂಡು ಕೊಡಲೀಲೇ ಹೆದರಿಸ್ತಿದ್ದ. ಈ ಸಲ ಯಾರೂ ಬೇಡ ಅನ್ನದಿದ್ರೆ ನಿಜವಾಗ್ಲೂ ಕಡೀತೀನಿ ಅಂದ.”

“ಯಾರೂ ಅಂದ್ರೆ? ನೀವು ಅಂತೀರಲ್ಲ.”

“ನನಗೆ ಮಂಡಿ ನೋವು. ಈ ಮಂಜಲ್ಲಿ ನಾನು ಹೊರಗೆ ಬರಲ್ಲ. ನೀನು ಹೋಗು.” ಕೋಸಿನ ಇನ್ನೊಂದು ಎಲೆ ಎತ್ತಿಕೊಂಡು ಅದರ ನರವನ್ನು ಚಾಕುವಿನಿಂದ ಕೆತ್ತಿ ತೆಗೆದಳು. “ಬೇಡ ಅನ್ನೋದಾದ್ರೆ ಅನ್ನು. ಅನ್ನದಿದ್ರೆ ಬಿಡು. ಮರ ಬಿದ್ರೆ ನಿನ್ನ ಹಾದಿ ನೆಟ್ಟಗೆ ಬರುತ್ತೆ.”

ನೆವ್ಯಾನಾ ಕುಂಬಳಕಾಯಿ ತುರಿಯುವುದನ್ನು ನಿಲ್ಲಿಸಿದಳು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಅವಳೇನೂ ಕೇಳಬೇಕಾಗಿಲ್ಲ, ಬೇಡಬೇಕಾಗಿಲ್ಲ, ಯಾರ ಹತ್ತಿರವೂ ಜಗಳವಾಡಬೇಕಾಗಿಲ್ಲ. ಇಷ್ಟು ಸುಲಭಕ್ಕೆ ಒಂದು ಅಂಗಳ ಸಿಗುತ್ತದೆಯೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಹೊತ್ತು ಮುಳುಗುವಾಗ ಅವಳು ಶಾಲು ಹೊದ್ದು ಹೊರಗೆ ಬಂದಳು. ಗೆಂಚೊ ಮರದ ಬಳಿ ನಿಂತಿದ್ದ. ಎಲೆಯಿಲ್ಲದ ಮರ ಮಂಜಿನಲ್ಲಿ ಕೆಳಗಿನ ಅರ್ಧ ಮಾತ್ರ ಇತ್ತು, ಮೇಲಿನರ್ಧವನ್ನು ಯಾರೋ ಅಳಿಸಿಬಿಟ್ಟಿದ್ದರು. ಗೆಂಚೊ ಅವಳ ಮುಖ ನೋಡಲಿಲ್ಲ. ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಮೆಲ್ಲಗೆ ತಟ್ಟಿದ.

“ಕಾಯಿ ಬಿಡ್ತೀಯೋ, ಕಡಿದುಬಿಡಲೋ?”

ನೆವ್ಯಾನಾ ಸುಮ್ಮನೆ ನಿಂತಳು. ಮಂಜಿನೊಳಗೆ ಅವಳ ಅಂಗಳ ಮೆಲ್ಲಗೆ ಮೂಡತೊಡಗಿತು. ಈ ಸಲ ಕಣ್ಣು ಮುಚ್ಚುವ ಅಗತ್ಯವೇ ಇರಲಿಲ್ಲ. ಮರವಿಲ್ಲ. ಗೇಟಿನಿಂದ ಮೆಟ್ಟಿಲಿಗೆ ಹಾದಿ ನೆಟ್ಟಗೆ, ಬೆಚ್ಚಗೆ ಬರುತ್ತಿದೆ. ಮಳೆ ನೀರು ಎಲ್ಲೂ ನಿಲ್ಲದೆ ಪಿಯೋನಿಗಳ ಬುಡಕ್ಕೆ ಹರಿದು ಹೋಗುತ್ತಿದೆ. ನಡುವೆ ನೆರಳಿದ್ದ ಕಡೆ ಬೆಳಕು ಧಾರಾಳವಾಗಿ ಚೆಲ್ಲಿದೆ. ಗುಲಾಬಿಯ ವಾಸನೆ ಸಹ ಬಂದ ಹಾಗಾಯಿತು. ಡಿಸೆಂಬರಿನ ಚಳಿಯಲ್ಲಿ ನಿಂತು ಅವಳು ಜೂನಿನ ಸೆಖೆಗೆ ಶಾಲು ಸಡಿಲಿಸಿದಳು.

“ಕಾಯಿ ಬಿಡ್ತೀಯೋ, ಕಡಿದುಬಿಡಲೋ?” ಗೆಂಚೊನ ದನಿ ಈಗ ಒಡೆದಿತ್ತು.

ಅವಳು ಆಗಲೂ ಸುಮ್ಮನಿದ್ದಳು. ಕನಸಿನ ಹಾದಿಯಲ್ಲಿ ಗೇಟು ತೆರೆಯಿತು. ಗೆಂಚೊ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ. ಹೊಸ ಕಲ್ಲುಗಳ ಮೇಲೆ ನೆಟ್ಟಗೆ ನಡೆದು ಬಂದವನು ಅಂಗಳದ ನಡುವೆ ಬಂದಾಗ ಹಾದಿ ಬಿಟ್ಟು ಪಕ್ಕಕ್ಕೆ ಇಳಿದ. ಅಲ್ಲಿ ಏನೂ ಇರಲಿಲ್ಲ, ಬರೀ ಬೆಳಕು. ಆ ಬರೀ ಬೆಳಕನ್ನು ಬಳಸಿಕೊಂಡು, ಪಿಯೋನಿಗಳ ಮೇಲೆ ಕಾಲಿಟ್ಟಿದ್ದೂ ತಿಳಿಯದೆ, ಒಂದು ಸುತ್ತು ಹಾಕಿ ಮನೆಯ ಕಡೆ ಬಂದ. ಮಾರನೆಯ ದಿನವೂ ಹಾಗೇ ಬಂದ. ಮುದುಕನಾದ ಮೇಲೂ ಹಾಗೇ ಬರುತ್ತಿದ್ದ.

ಇದು ಅವಳಿಗೆ ಗೊತ್ತಿದ್ದ ಸಂಗತಿಯೇ. ರೂಸೆಯ ಉದ್ಯಾನದಲ್ಲಿ ಎಷ್ಟು ಚೆಂದದ ಹಾದಿ ಹಾಕಿದರೂ ಜನ ತಮ್ಮ ಹಳೆಯ ಜಾಡನ್ನೇ ಹುಲ್ಲಿನಲ್ಲಿ ಸವೆಸುತ್ತಿದ್ದರು. ಎಷ್ಟು ಬೋರ್ಡು ಹಾಕಿದರೂ ಅಷ್ಟೇ. ಕಾಲಿಗೆ ಆಜ್ಞೆ ಮಾಡಲು ಬರುವುದಿಲ್ಲ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ. ಹೀಗಿದ್ದೂ ಆರು ತಿಂಗಳು ಅದು ಅವಳಿಗೆ ಹೊಳೆದಿರಲಿಲ್ಲ. ಅವಳಿಗಾಗಿ ಈ ಮನುಷ್ಯ ಮರ ಕಡಿಯುತ್ತಾನೆ, ಅದೂ ಇವತ್ತೇ, ಒಂದು ಮಾತೂ ಆಡದೆ. ಆಮೇಲೆ ಬದುಕಿಡೀ ಇಲ್ಲದ ಮರವನ್ನು ಬಳಸಿಕೊಂಡು ಅವಳ ಹತ್ತಿರ ಬರುತ್ತಾನೆ. ಅವಳಿಗೆ ಅವನ ಮೇಲೆ ಹೇಳಲಾರದಷ್ಟು ಅಕ್ಕರೆ ಬಂತು. ಭಯವೂ ಆಯಿತು.

ಗೆಂಚೊ ಕೊಡಲಿ ತಿರುಗಿಸಿದ. ಮಸೆದ ಅಂಚು ಈಗ ಮರದ ಕಡೆಗಿತ್ತು. ಎರಡೂ ಕೈಯಿಂದ ಮೇಲೆತ್ತಿದ. “ಕಾಯಿ ಬಿಡ್ತೀಯೋ…”

“ಬೇಡ ಗೆಂಚೊ” ಅಂದಳು ನೆವ್ಯಾನಾ. “ನಾನಿನ್ನೂ ಅದರ ಹೂ ನೋಡಿಲ್ಲ.”

ಕೊಡಲಿ ಮೇಲೆಯೇ ನಿಂತಿತು.

“ನಾನು ಬಂದಿದ್ದು ಜೂನಲ್ಲಿ. ಅಷ್ಟರಲ್ಲಿ ಉದುರಿಹೋಗಿತ್ತು” ಎಂದಳು, ಯಾರೋ ವಿವರಣೆ ಕೇಳಿದ ಹಾಗೆ.

ಅಡುಗೆಮನೆಯ ಕಿಟಕಿ ದಡಾರನೆ ತೆರೆಯಿತು. “ಆ ಮಾತಲ್ಲ ಕಣೇ ಅನ್ನಬೇಕಾದ್ದು. ಕಾಯಿ ಬಿಡುತ್ತೆ, ನಾನು ಜಾಮೀನು ಅನ್ನು. ಸರಿಯಾಗಿ ಅನ್ನದಿದ್ರೆ ಮರಕ್ಕೆ ಹೇಗೆ ಗೊತ್ತಾಗಬೇಕು?”

“ಕಾಯಿ ಬಿಡುತ್ತೋ ಇಲ್ವೋ ನನಗೇನು ಗೊತ್ತು ಅತ್ತೆ? ಗೊತ್ತಿಲ್ದೇ ಇರೋದಕ್ಕೆ ಹೇಗೆ ಜಾಮೀನು ನಿಲ್ಲಲಿ? ಬೇಕಾದ್ರೆ ಹೂವಿಗೆ ನಿಲ್ತೀನಿ.”

“ಹೂವಿಗೆ ಯಾರಾದ್ರೂ ಜಾಮೀನು ನಿಲ್ತಾರಾ?”

“ನಾನು ನಿಲ್ತೀನಿ.”

ಗೆಂಚೊ ಕೊಡಲಿ ಕೆಳಗಿಳಿಸಿದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡು ನೆವ್ಯಾನಾ ಹತ್ತಿರ ಹೋದಳು. ಅಳುತ್ತಲೂ ಇದ್ದ, ನಗುತ್ತಲೂ ಇದ್ದ, ಎರಡೂ ಒಟ್ಟಿಗೇ ಬಂದು ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ. ಅವಳು ಅವನ ಕೈಯಿಂದ ಕೊಡಲಿ ತೆಗೆದುಕೊಂಡಳು. ಅವನು ಖಾಲಿಯಾದ ಕೈಯನ್ನು ಅವಳ ಭುಜದ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ.

ಸ್ತೋಯ್ನಾ ಒಂದು ಹಿಡಿ ಹುಲ್ಲು ಹಿಡಿದು ಮೆಟ್ಟಿಲಿಳಿದು ಬಂದಳು. ಮಂಡಿ ನೋವು ಎಲ್ಲಿ ಹೋಯ್ತೋ. ಹುಲ್ಲನ್ನು ನೆವ್ಯಾನಾಳ ಕೈಗೆ ಕೊಟ್ಟು, “ಜಾಮೀನು ನಿಂತವರೇ ಕಟ್ಟಬೇಕು. ಕಾಂಡಕ್ಕೆ ಸುತ್ತಿ ಗಂಟು ಹಾಕು. ಬಿಗೀಬೇಡ, ಅದೂ ದಪ್ಪ ಆಗಬೇಕಲ್ಲ” ಅಂದಳು. ನೆವ್ಯಾನಾ ಕಟ್ಟಿದಳು. ಗಂಟು ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ಕೂತಿತು.

ಒಳಗೆ ಹೋಗಿ ಧೂಪ ಹಾಕಿ, ದುಂಡನೆಯ ರೊಟ್ಟಿ ಮುರಿದು, ಎಲ್ಲರೂ ಊಟಕ್ಕೆ ಕೂತರು. ಆ ಸಂಜೆಯ ಊಟಕ್ಕೆ ಕೂತಮೇಲೆ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಎದ್ದರೆ ಕೋಳಿ ಕಾವಿನಿಂದ ಏಳುತ್ತದೆ, ಮನೆಯ ನೆಮ್ಮದಿಯೂ ಅದರ ಹಿಂದೆಯೇ ಏಳುತ್ತದೆ ಎಂದು ನಂಬಿಕೆ. ಏನಾದರೂ ತರಬೇಕಾದರೆ ಮನೆಯ ಯಜಮಾನಿ ಒಬ್ಬಳು ಏಳಬಹುದು. ಗೆಂಚೊ ಎಲ್ಲರಿಗೂ ಮನೆಯಲ್ಲೇ ಇಳಿಸಿದ ಹಣ್ಣಿನ ಸಾರಾಯಿ, ರಾಕಿಯಾ, ಬಗ್ಗಿಸಿದ. ಸ್ತೋಯ್ನಾ ಒಂದು ಗುಟುಕು ಹೀರಿ ತುಟಿ ಒರೆಸಿಕೊಂಡಳು.

“ಎಷ್ಟು ಸಲ ಸುಮ್ಮನಿದ್ದೆ?” ಎಂದು ಕೇಳಿದಳು.

ನೆವ್ಯಾನಾಳ ಮುಖ ಬಿಸಿಯಾಯಿತು. “ಎರಡು ಸಲ.”

“ನಾನೂ ಎರಡೇ” ಅಂದಳು ಸ್ತೋಯ್ನಾ. “ನಾನು ಸೊಸೆಯಾಗಿ ಬಂದ ವರ್ಷ. ನನ್ನತ್ತೆ ಅದೇ ಕಿಟಕಿ ಹಿಂದೆ ನಿಂತಿದ್ಲು. ಬೆವರು ಕಿತ್ಕೊಂಡು ಬಂತು ಅಂತ ಆಮೇಲೆ ಹೇಳಿದ್ಲು.”

ನೆವ್ಯಾನಾ ಚಮಚ ಕೆಳಗಿಟ್ಟಳು. “ಆ ಮರ ಇಗ್ಲಿಕಾ ನೆಟ್ಟಿದ್ದಲ್ವಾ?”

“ಯಾರು ಹೇಳಿದ್ದು? ಅವಳು ಈ ಮನೆಗೆ ಬರೋ ಹೊತ್ತಿಗೆ ಅದು ನನಗಿಂತ ದಪ್ಪ ಇತ್ತು. ಅದರ ಕೆಳಗೆ ಕೂತು ಪುಸ್ತಕ ಓದೋಳು, ಅಷ್ಟೇ. ಪಾಪ, ಒಳ್ಳೇ ಹುಡುಗಿ. ಮೊದಲನೇ ಸಲಕ್ಕೇ ಬೇಡ ಅಂದ್ಲು.”

“ಮತ್ತೆ ಹಾದಿ?”

ಸ್ತೋಯ್ನಾ ಬೀನ್ಸ್ ತಿನ್ನುವುದರಲ್ಲಿ ಮುಳುಗಿದಳು.

“ಅಮ್ಮ ಹಾಕಿದ್ದು” ಅಂದ ಗೆಂಚೊ. “ನಾನು ಚಿಕ್ಕವನಿದ್ದಾಗ. ನಿನಗೆ ಗೊತ್ತಿರಲಿಲ್ವಾ?”

“ಡೇಲಿಯಾ?”

“ಅದೂ ಅಮ್ಮನೇ. ಇಗ್ಲಿಕಾಗೆ ಗಿಡದ ಗೊಡವೆಯೇ ಇರಲಿಲ್ಲ. ಸೌತೆಕಾಯಿ ಬಳ್ಳಿಗೂ ಕಲ್ಲಂಗಡಿ ಬಳ್ಳಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ ಅವಳಿಗೆ.”

ನೆವ್ಯಾನಾ ಅತ್ತೆಯ ಕಡೆ ತಿರುಗಿದಳು. ಎದ್ದು ಹೋಗೋಣವೆಂದರೆ ಏಳುವಂತಿಲ್ಲ. “ನೀವು ಪ್ರತಿ ಸಲ ಇಗ್ಲಿಕಾ, ಇಗ್ಲಿಕಾ ಅಂತಿದ್ರಲ್ಲ ಅತ್ತೆ.”

“ನಾನು ಸುಳ್ಳು ಹೇಳಿಲ್ಲ. ಇಗ್ಲಿಕಾ ಇದ್ದಾಗಿಂದ ಹಾಗೇ ಇದೆ ಅಂದೆ. ಇರಲಿಲ್ವಾ?” ಮುದುಕಿಯ ಕಣ್ಣು ಲೋಟದ ಅಂಚಿನ ಮೇಲಿಂದ ಮಿನುಗುತ್ತಿತ್ತು. “ಅವಳ ಹೆಸರು ಹೇಳಿದ್ರೆ ನೀನು ತೆಪ್ಪಗಾಗ್ತಿದ್ದೆ. ನನ್ನ ಹೆಸರು ಹೇಳಿದ್ರೆ ಆಗ್ತಿದ್ದೆಯಾ?”

ನೆವ್ಯಾನಾಳಿಗೆ ಮೊದಲು ಬಂದದ್ದು ಸಿಟ್ಟು. ಆರು ತಿಂಗಳು ಅವಳು ಸತ್ತವಳಿಗೆ ಹೆದರಿ ಬದುಕಿದ್ದಳು, ಆ ಸತ್ತವಳಾದರೋ ನೆರಳಲ್ಲಿ ಕೂತು ಪುಸ್ತಕದ ಹಾಳೆ ತಿರುಗಿಸುತ್ತಿದ್ದ ಒಬ್ಬ ನಿರುಪದ್ರವಿ. ಸಿಟ್ಟಿನ ಬೆನ್ನಿಗೇ ಎದೆಯ ಮೇಲಿಂದ ಯಾರೋ ಒಂದು ಚಪ್ಪಡಿ ಎತ್ತಿದ ಹಾಗೆ ಹಗುರವಾಯಿತು. ಈ ಅಂಗಳದಲ್ಲಿ ಅವಳಿಗೆ ಎದುರಾಳಿ ಇರುವುದು ಒಬ್ಬಳೇ, ಅವಳು ಬದುಕಿದ್ದಾಳೆ, ಇಲ್ಲೇ ಕೂತು ರಾಕಿಯಾ ಹೀರುತ್ತಿದ್ದಾಳೆ, ಎರಡು ಮಾತು ಅಂದರೆ ನಾಲ್ಕು ಮಾತು ಅನ್ನುತ್ತಾಳೆ.

“ಹಾಗಾದ್ರೆ ಕೇಳಿ ಅತ್ತೆ. ಮರ ಇರಲಿ. ಆದ್ರೆ ನಿಮ್ಮ ಹಾದಿ ಚೆನ್ನಾಗಿಲ್ಲ. ಬಾಗಿರೋದು ತಪ್ಪಲ್ಲ, ಬಾಗಿರೋ ಕಡೆ ತಪ್ಪು. ನೀರು ನಿಲ್ಲುತ್ತೆ. ಮಾರ್ಚಲ್ಲಿ ಕಿತ್ತು ಆಚೆ ಕಡೆಯಿಂದ ಬಳಸಿ ತರ್ತೀನಿ.”

“ಕೀಳು ನೋಡೋಣ.”

“ಸುಣ್ಣದ ಗೆರೆ ಗುಡಿಸಿದ್ರೆ ಮತ್ತೆ ಎಳೀತೀನಿ.”

“ನಾನು ಮತ್ತೆ ಗುಡಿಸ್ತೀನಿ. ನನಗೇನು ಬೇರೆ ಕೆಲಸ ಇದೆ?”

ಗೆಂಚೊ ಇಬ್ಬರ ನಡುವೆ ತಲೆ ತಗ್ಗಿಸಿ ಕೋಸಿನ ಸುರುಳಿ ಬಾಯಿಗಿಟ್ಟ. ಒಮ್ಮೆ ಅಗಿದ. “ಉಪ್ಪಿಲ್ಲ” ಅಂದ.

ಉಪ್ಪಿನ ಡಬ್ಬಿ ಒಲೆಯ ಪಕ್ಕದ ಗೂಡಿನಲ್ಲಿತ್ತು. ಗೆಂಚೊ ರೂಢಿಯಂತೆ ತಾಯಿಯ ಕಡೆ ನೋಡಿದ. ನೆವ್ಯಾನಾಳೂ ನೋಡಿದಳು. ಸ್ತೋಯ್ನಾ ತೊಡೆಯ ಮೇಲಿನ ಕರವಸ್ತ್ರ ಸರಿಮಾಡಿಕೊಂಡು ಬೆನ್ನನ್ನು ಗೋಡೆಗೆ ಇನ್ನಷ್ಟು ಒರಗಿಸಿ ಕೂತಳು.

“ನನ್ನ ಮುಖ ಯಾಕೆ ನೋಡ್ತಿದೀಯ?” ಅಂದಳು ಸೊಸೆಗೆ. “ಏಳು.”

ನೆವ್ಯಾನಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಣ್ಣು ಮಂಜಾಯಿತು, ಒಲೆಯೂ ಗೂಡೂ ಒಂದರೊಳಗೊಂದು ಕಲಸಿಹೋದವು. ಮೇಜಿನ ಅಂಚು ಹಿಡಿದು ಎದ್ದು ನಿಂತಳು.

“ನೆಟ್ಟಗೆ ನಡೀಬೇಡ, ಬಗ್ಗಿ ನಡಿ” ಎಂದಳು ಸ್ತೋಯ್ನಾ ಹಿಂದಿನಿಂದ. “ಇವತ್ತು ಯಜಮಾನಿ ಬಗ್ಗಿ ನಡೆದ್ರೇ ತೆನೆ ತುಂಬಿ ಬಗ್ಗೋದು. ಇನ್ನೂ ಬಗ್ಗು. ಹಾಂ, ಹಾಗೆ.”

ನೆವ್ಯಾನಾ ಬೆನ್ನು ಬಗ್ಗಿಸಿ, ಅಳುತ್ತ, ಮಾರ್ಚಿನಲ್ಲಿ ಮೊದಲು ಕೀಳಬೇಕಾದ ಕಲ್ಲು ಯಾವುದೆಂದು ಯೋಚಿಸುತ್ತ, ಉಪ್ಪು ತರಲು ಹೋದಳು.